ತೂಬು ಮುಚ್ಚುವ ಮುನ್ನ

ಎರಡು ವರ್ಷಗಳಿಗೊಮ್ಮೆ ಸೇರುವ ಈ ಕನ್ನಡ ಜಾತ್ರೆಯ ಸ್ಮರಣ ಸಂಚಿಕೆಯಲ್ಲಿ ಸಂತೋಷದ ಬರಹಗಳಿರಬೇಕೆಂಬುದು ರೂಢಿ. ಊರಿನ ನೆನಪು, ಹಬ್ಬದ ಅಡುಗೆ, ಮಕ್ಕಳ ಕನ್ನಡ ಶಾಲೆ, ಹಿಂದಿನ ಸಮ್ಮೇಳನಗಳ ಸವಿನೆನಪು, ಇವುಗಳ ನಡುವೆ ಆಸ್ಪತ್ರೆಯ ಮಾತನ್ನು ತರುವುದು ಮದುವೆಮನೆಯಲ್ಲಿ ಅಪಶಕುನ ನುಡಿದಂತೆ ಎಂದು ಕೆಲವರಿಗೆ ತೋರಬಹುದು. ಆದರೂ ಸಂಪಾದಕರ ಅನುಮತಿ ಪಡೆದು ಬರೆಯುತ್ತಿದ್ದೇನೆ. ಏಕೆಂದರೆ ನಮ್ಮಲ್ಲಿ ಅನೇಕರ ತಂದೆತಾಯಿಯರು, ಅಕ್ಕ ಅಣ್ಣಂದಿರು ಇಂದು ಈ ಅಮೆರಿಕದಲ್ಲೇ ನಮ್ಮ ಮನೆಗಳಲ್ಲಿ ಇದ್ದಾರೆ. ಅವರಿಗೆ ಕಾಯಿಲೆಯಾದಾಗ ಇಲ್ಲಿನ ವೈದ್ಯರ ಮಾತನ್ನು ಕನ್ನಡದಲ್ಲಿ ಹೇಳುವವರು ನಾವು. ಹಾಗೆ ಹೇಳುವಾಗ ನಾನು ಒಂದು ವಾಕ್ಯವನ್ನು ನುಂಗಿದೆ. ಆ ಒಂದು ವಾಕ್ಯದ ಕುರಿತೇ ಈ ಲೇಖನ.

ನಾನು ವೈದ್ಯನಲ್ಲ. ಮಂಡ್ಯ ಜಿಲ್ಲೆಯ ರೈತ ಕುಟುಂಬದಲ್ಲಿ ಹುಟ್ಟಿ, ಇಂಜಿನಿಯರಿಂಗ್ ಓದಿ, ಈ ದೇಶದಲ್ಲಿ ನೀರು ಸರಬರಾಜಿನ ಕೆಲಸದಲ್ಲಿಯೇ ಮೂವತ್ತು ವರ್ಷ ಕಳೆದವನು. ಆದ್ದರಿಂದ ನನಗೆ ತಿಳಿದ ಭಾಷೆಯಲ್ಲಿ, ಎಂದರೆ ನಾಲೆ, ತೂಬು, ಗದ್ದೆಗಳ ಭಾಷೆಯಲ್ಲಿ, ಈ ವಿಷಯವನ್ನು ನಿವೇದಿಸುತ್ತೇನೆ. ವೈದ್ಯಕೀಯ ಸಂಗತಿಗಳನ್ನು ಅನಂತರದ ವರ್ಷಗಳಲ್ಲಿ ಓದಿಯೂ ವೈದ್ಯಮಿತ್ರರನ್ನು ಕೇಳಿಯೂ ತಿಳಿದುಕೊಂಡೆ. ಅವನ್ನು ಮೊದಲೇ ತಿಳಿದಿದ್ದರೆ ಒಳ್ಳೆಯದಿತ್ತೆಂಬ ವ್ಯಥೆ ಇಂದಿಗೂ ಇದೆ.

2011ರ ಬೇಸಿಗೆಯಲ್ಲಿ ನನ್ನ ಅಕ್ಕನಿಗೆ ಅರವತ್ತೇಳು ವರ್ಷ. ನನಗೆ ತಾಯಿ ಇಲ್ಲದ ಬಾಲ್ಯದಲ್ಲಿ ತಲೆ ಬಾಚಿ, ಬುತ್ತಿ ಕಟ್ಟಿ ಶಾಲೆಗೆ ಕಳಿಸಿದವಳು ಆಕೆ. ಭಾವ ತೀರಿಕೊಂಡ ಮೇಲೆ ಓಹಿಯೋ ರಾಜ್ಯದಲ್ಲಿರುವ ಮಗಳ ಮನೆಗೆ ಬಂದು ನೆಲೆಸಿದ್ದಳು. ಕೆಲವು ತಿಂಗಳಿಂದ ತಲೆನೋವು, ಎಡಗೈಯಲ್ಲಿ ಶಕ್ತಿಗುಂದಿದಂತೆ ಅನುಭವ. ಸ್ಕ್ಯಾನ್ ತೆಗೆದಾಗ ಮಿದುಳಿನ ಬಲಭಾಗವನ್ನು ಒತ್ತುತ್ತಿದ್ದ, ನಿಂಬೆಹಣ್ಣಿಗಿಂತ ದೊಡ್ಡದಾದ ಗಡ್ಡೆಯೊಂದು ಕಂಡಿತು. ಅದರ ಹೆಸರು ಮೆನಿಂಜಿಯೋಮಾ.

ಈ ಗಡ್ಡೆ ಮಿದುಳಿನೊಳಗೆ ಹುಟ್ಟುವುದಲ್ಲ. ಮಿದುಳನ್ನು ಸುತ್ತಿರುವ ಪೊರೆಗಳಲ್ಲಿ ಹುಟ್ಟಿ ನಿಧಾನವಾಗಿ ಬೆಳೆದು ಒಳಕ್ಕೆ ಒತ್ತುವಂಥದು. ಬಹುಪಾಲು ಮೆನಿಂಜಿಯೋಮಾಗಳು ಕ್ಯಾನ್ಸರ್ ಅಲ್ಲ. ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು. ಈ ಹೆಸರನ್ನು 1922ರಲ್ಲಿ ಇಟ್ಟವರು ಅಮೆರಿಕದ ಪ್ರಸಿದ್ಧ ನರಶಸ್ತ್ರವೈದ್ಯ ಹಾರ್ವೆ ಕುಶಿಂಗ್. ಅವರ ಕಾಲದಲ್ಲಿ ಇಂಥ ಗಡ್ಡೆಗಳ ಶಸ್ತ್ರಚಿಕಿತ್ಸೆಗೆ ದೊಡ್ಡ ಶತ್ರುವಾಗಿದ್ದುದು ರಕ್ತಸ್ರಾವ. ಕತ್ತಿ ತಾಗಿದೊಡನೆ ರಕ್ತ ಚಿಮ್ಮಿ ಏನೂ ಕಾಣದಂತಾಗುತ್ತಿತ್ತು. 1911ರಲ್ಲಿ ಕುಶಿಂಗ್ ರಕ್ತನಾಳಗಳನ್ನು ಹಿಡಿಯುವ ಪುಟ್ಟ ಬೆಳ್ಳಿಯ ಕ್ಲಿಪ್ಪುಗಳ ಬಗೆಗೆ ಪ್ರಕಟಿಸಿದರು. 1926ರಲ್ಲಿ ಬೋವಿ ಎಂಬ ವಿಜ್ಞಾನಿಯ ಸಹಾಯದಿಂದ ವಿದ್ಯುತ್ತಿನಿಂದ ರಕ್ತನಾಳವನ್ನು ಸುಟ್ಟು ಮುಚ್ಚುವ ವಿಧಾನವನ್ನು ಬಳಸಿದರು. ರಕ್ತವನ್ನು ಹೇಗೆ ನಿಲ್ಲಿಸಬೇಕೆಂಬ ಚಿಂತೆ ಈ ವಿದ್ಯೆಯಷ್ಟೇ ಹಳೆಯದು.

ಆ ಚಿಂತೆಯಿಂದ ಹುಟ್ಟಿದ ಇನ್ನೊಂದು ಮಾರ್ಗವೇ ನನ್ನ ವಿಷಯ. ಗಡ್ಡೆಯನ್ನು ಕತ್ತರಿಸುವ ಮೊದಲೇ ಅದಕ್ಕೆ ರಕ್ತ ಹೋಗುವ ನಾಳಗಳನ್ನು ಒಳಗಿನಿಂದ ಮುಚ್ಚಿಬಿಡುವುದು. ಇದನ್ನು ಎಂಬಲೈಸೇಷನ್ ಎನ್ನುತ್ತಾರೆ. ಗದ್ದೆಯನ್ನು ಕೊಯ್ಯುವ ಮುಂಚೆ ತೂಬು ಮುಚ್ಚಿ ನೀರು ಬಸಿಯುವುದು ನಮ್ಮ ಕಡೆ ಎಲ್ಲರೂ ಬಲ್ಲ ಕೆಲಸವಷ್ಟೆ. ಇಲ್ಲಿಯೂ ತರ್ಕ ಅದೇ. 1904ರಲ್ಲಿ ನ್ಯೂಯಾರ್ಕಿನ ಡಾಬಾರ್ನ್ ಎಂಬ ಶಸ್ತ್ರವೈದ್ಯರು ಮುಖ ಮತ್ತು ಕತ್ತಿನ ಗಡ್ಡೆಗಳಿಗೆ ರಕ್ತ ಒಯ್ಯುವ ನಾಳದೊಳಕ್ಕೆ ಕರಗಿದ ಪ್ಯಾರಾಫಿನ್ ಮತ್ತು ವ್ಯಾಸಲೀನ್ ತುಂಬಿ, ಅದನ್ನು ಗಡ್ಡೆಗೆ ಉಪವಾಸ ಹಾಕುವ ಚಿಕಿತ್ಸೆಯೆಂದು ಕರೆದರು. 1960ರಲ್ಲಿ ಲೂಸೆನ್‌ಹಾಪ್ ಮತ್ತು ಸ್ಪೆನ್ಸ್ ಎಂಬ ವೈದ್ಯರು ಮಿದುಳಿನ ರಕ್ತನಾಳಗಳ ಗೋಜಲೊಂದನ್ನು ಪುಟ್ಟ ಕೃತಕ ಗುಂಡುಗಳಿಂದ ಮುಚ್ಚಿದ ವರದಿ ಪ್ರಕಟಿಸಿದರು. 1970ರ ದಶಕದ ಆರಂಭದಲ್ಲಿ ಫ್ರಾನ್ಸಿನ ವೈದ್ಯರು ಮೆನಿಂಜಿಯೋಮಾಗಳಿಗೆ ಈ ವಿಧಾನವನ್ನು ಅನ್ವಯಿಸಿದರು. 1975ರಲ್ಲಿ ಮಿನ್ನೆಸೋಟಾದ ತಾಡವರ್ತಿ ಮತ್ತು ಸಂಗಡಿಗರು ಪಾಲಿವಿನೈಲ್ ಆಲ್ಕೊಹಾಲ್ ಎಂಬ ವಸ್ತುವನ್ನು ಈ ಕೆಲಸಕ್ಕೆ ಬಳಸಬಹುದೆಂದು ವರದಿ ಮಾಡಿದರು. ಅದರ ಕಣಗಳು ಇಂದಿಗೂ ಬಳಕೆಯಲ್ಲಿವೆ.

ವಿಧಾನ ಹೇಳುವುದಕ್ಕೆ ಸರಳ. ತೊಡೆಸಂದಿನಲ್ಲಿ, ಈಚೆಗೆ ಕೆಲವೆಡೆ ಮಣಿಕಟ್ಟಿನಲ್ಲಿ, ಒಂದು ಸಣ್ಣ ರಂಧ್ರ ಮಾಡುತ್ತಾರೆ. ಅಲ್ಲಿಂದ ಶ್ಯಾವಿಗೆಯಂಥ ಒಂದು ಕೊಳವೆಯನ್ನು ರಕ್ತನಾಳದೊಳಗೆ ಕತ್ತಿನವರೆಗೂ, ಅಲ್ಲಿಂದ ಇನ್ನೂ ತೆಳುವಾದ ಕೊಳವೆಯನ್ನು ಗಡ್ಡೆಯ ಸಮೀಪದವರೆಗೂ ಒಯ್ಯುತ್ತಾರೆ. ಬಣ್ಣದ ದ್ರವ ಬಿಟ್ಟು ಎಕ್ಸ್‌ರೇ ಚಿತ್ರದಲ್ಲಿ ನಾಳಗಳನ್ನು ನೋಡುತ್ತಾರೆ. ಆಮೇಲೆ ಒಂದು ಮಿಲಿಮೀಟರಿನ ಹತ್ತನೆಯ ಒಂದು, ಐದನೆಯ ಒಂದು ಭಾಗದಷ್ಟು ಸಣ್ಣ ಕಣಗಳನ್ನೋ, ಒಳಗೆ ಹೋಗಿ ಗಟ್ಟಿಯಾಗುವ ಅಂಟನ್ನೋ ಬಿಟ್ಟು ನಾಳವನ್ನು ಮುಚ್ಚುತ್ತಾರೆ. ಒಂದು ದಿನದಿಂದ ಒಂದು ವಾರ ಅಥವಾ ಅದಕ್ಕೂ ತುಸು ಹೆಚ್ಚಿನ ಅಂತರದಲ್ಲಿ ತಲೆಬುರುಡೆ ತೆರೆದು ಗಡ್ಡೆಯನ್ನು ತೆಗೆಯುತ್ತಾರೆ.

ಈ ವಿಧಾನದ ವಿರುದ್ಧ ನಾನು ದೂರು ಹೇಳುತ್ತಿಲ್ಲವೆಂಬುದನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಅದು ಜೀವ ಉಳಿಸುವ ಸಂದರ್ಭಗಳುಂಟು. ಹದಿಹರೆಯದ ಹುಡುಗರ ಮೂಗಿನ ಹಿಂಭಾಗದಲ್ಲಿ ಬೆಳೆಯುವ ಆಂಜಿಯೋಫೈಬ್ರೋಮಾ ಎಂಬ ಗಡ್ಡೆ ಬಹುತೇಕ ರಕ್ತನಾಳಗಳ ಗಂಟೇ ಆಗಿರುತ್ತದೆ. ಮೂತ್ರಪಿಂಡದ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿದಾಗ ಅದನ್ನು ಹಾಗೆಯೇ ಕತ್ತರಿಸಹೊರಟರೆ ರಕ್ತ ಹೊಳೆಯಾಗಿ ಹರಿಯಬಹುದು. ಇಂಥ ಕಡೆ ಮೊದಲು ರಕ್ತ ತಡೆಯುವುದು ವಿವೇಕವೆಂದು ಬಹುಮಂದಿ ತಜ್ಞರು ಒಪ್ಪುತ್ತಾರೆ. ಮೆನಿಂಜಿಯೋಮಾದಲ್ಲಿಯೂ ಗಡ್ಡೆ ದೊಡ್ಡದಾಗಿದ್ದು, ಅದರ ರಕ್ತನಾಳ ಶಸ್ತ್ರವೈದ್ಯರ ಕೈಗೆ ಕೊನೆಯವರೆಗೂ ಎಟುಕದಂತೆ ಅಡಿಯಲ್ಲಿ ಅಡಗಿದ್ದರೆ ಇದು ಉಪಯುಕ್ತ. ಆದರೆ ನಾಳ ಮೇಲ್ಭಾಗದಲ್ಲಿಯೇ ಇದ್ದರೆ ಬುರುಡೆ ತೆರೆದೊಡನೆ ಶಸ್ತ್ರವೈದ್ಯರೇ ಅದನ್ನು ಕಂಡು ಮುಚ್ಚಬಲ್ಲರು. ಆಗ ಈ ಮುಂಚಿನ ಕೆಲಸದ ಲಾಭ ಎಷ್ಟು ಎಂಬ ಪ್ರಶ್ನೆ ಏಳುತ್ತದೆ.

ಲಾಭವನ್ನು ಅಳೆದು ನೋಡಿದವರಲ್ಲಿಯೂ ಒಮ್ಮತವಿಲ್ಲ. 1994ರಲ್ಲಿ ಅಮೆರಿಕದ ತಂಡವೊಂದು ಸಮಾನ ಲಕ್ಷಣಗಳ ರೋಗಿಗಳನ್ನು ಜೊತೆಯಾಗಿಸಿ ಹೋಲಿಸಿ, ಎಂಬಲೈಸೇಷನ್ ಮಾಡಿಸಿಕೊಂಡವರಲ್ಲಿ ರಕ್ತನಷ್ಟವೂ ಹೊರಗಿನ ರಕ್ತದ ಅಗತ್ಯವೂ ಕಡಿಮೆಯಾಯಿತೆಂದು ಪ್ರಕಟಿಸಿತು. 2000ದಲ್ಲಿ ಜರ್ಮನಿಯ ತಂಡವೊಂದು ಎರಡು ಆಸ್ಪತ್ರೆಗಳ 60 ರೋಗಿಗಳನ್ನು ಹೋಲಿಸಿತು. ಒಂದು ಆಸ್ಪತ್ರೆಯಲ್ಲಿ ಈ ಕ್ರಮವಿತ್ತು, ಮತ್ತೊಂದರಲ್ಲಿ ಇರಲಿಲ್ಲ. ಗಡ್ಡೆಯ ರಕ್ತ ಬಹುತೇಕ ಪೂರ್ಣವಾಗಿ ನಿಂತಿದ್ದವರಲ್ಲಿ ಮಾತ್ರ ರಕ್ತನಷ್ಟ ಕಡಿಮೆಯಾಗಿತ್ತು. ಒಟ್ಟಾರೆ ನೋಡಿದರೆ ಎರಡು ಗುಂಪುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. 2013ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ 36 ಲೇಖನಗಳಲ್ಲಿ ವರದಿಯಾದ 459 ರೋಗಿಗಳ ಲೆಕ್ಕ ಹಾಕಿ, ಅವರಲ್ಲಿ 21 ಜನರಿಗೆ, ಎಂದರೆ ನೂರಕ್ಕೆ 4.6ರಷ್ಟು ಜನರಿಗೆ, ಎಂಬಲೈಸೇಷನ್ನಿನಿಂದಲೇ ತೊಂದರೆಯಾಯಿತೆಂದು ತೋರಿಸಿತು. ಅವುಗಳಲ್ಲಿ ಹೆಚ್ಚಿನವು ಸಣ್ಣ ತೊಂದರೆಗಳು. ಆದರೆ ಎಲ್ಲವೂ ಸಣ್ಣವಲ್ಲ.

ಆ ತೊಂದರೆಗಳು ಏಕೆ ಆಗುತ್ತವೆ? ನಮ್ಮೂರಿನ ನೀರುಗಂಟಿಯನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ನಾಲೆಯ ತೂಬು ಮುಚ್ಚುವುದು ಯಾರ ಕೈಯಲ್ಲಾದರೂ ಆದೀತು. ಆದರೆ ಯಾವ ಕಾಲುವೆ ಎಲ್ಲಿ ಯಾವುದರೊಡನೆ ಕೂಡಿದೆ, ಇಲ್ಲಿ ಮುಚ್ಚಿದರೆ ನೀರು ಎಲ್ಲಿ ಏರುತ್ತದೆ, ಯಾರ ಗದ್ದೆ ಒಣಗುತ್ತದೆ ಎಂಬುದನ್ನು ಬಲ್ಲವನು ನೀರುಗಂಟಿ. ತಲೆಯ ರಕ್ತನಾಳಗಳೂ ಹಾಗೆಯೇ. ಕತ್ತಿನಲ್ಲಿ ಮೇಲೇರುವ ದೊಡ್ಡ ಅಪಧಮನಿ ಎರಡಾಗಿ ಒಡೆಯುತ್ತದೆ. ಒಂದು ಮುಖ, ನೆತ್ತಿ ಮತ್ತು ಮಿದುಳಿನ ಹೊರಪೊರೆಗೆ. ಮತ್ತೊಂದು ಮಿದುಳಿಗೆ ಮತ್ತು ಕಣ್ಣಿಗೆ. ಮೆನಿಂಜಿಯೋಮಾಕ್ಕೆ ಸಾಮಾನ್ಯವಾಗಿ ರಕ್ತ ಬರುವುದು ಮೊದಲನೆಯದರ ಕವಲಿನಿಂದ. ಆದ್ದರಿಂದ ಅದನ್ನು ಮುಚ್ಚಿದರೆ ಮಿದುಳಿಗೆ ಬಾಧೆಯಿಲ್ಲವೆಂಬುದು ಲೆಕ್ಕಾಚಾರ. ಆದರೆ ಈ ಎರಡು ಕವಲುಗಳ ನಡುವೆ ಕೂದಲೆಳೆಯಂಥ ಅಡ್ಡಗಾಲುವೆಗಳಿವೆ. ಕೆಲವರಲ್ಲಿ ಹೊರಪೊರೆಯ ನಾಳಕ್ಕೂ ಕಣ್ಣಿನ ನಾಳಕ್ಕೂ ನೇರ ಸಂಪರ್ಕವೇ ಇರುತ್ತದೆ. ಚಿತ್ರದಲ್ಲಿ ಮೊದಲು ಕಾಣದ ದಾರಿಯೊಂದು, ತೂಬು ಮುಚ್ಚುತ್ತ ಬಂದಂತೆ ಒತ್ತಡ ಬದಲಾಗಿ ತೆರೆದುಕೊಳ್ಳಬಹುದು. ಆ ದಾರಿಯಲ್ಲಿ ನಾಲ್ಕು ಕಣ ದಾಟಿದರೆ ಸಾಕು. ಮಿದುಳಿಗೆ ಹೋದರೆ ಪಾರ್ಶ್ವವಾಯು. ಕಣ್ಣಿನ ಅಕ್ಷಿಪಟಲದ ನಾಳಕ್ಕೆ ಹೋದರೆ ಕುರುಡು.

ಇಷ್ಟೇ ಅಲ್ಲ. ಮುಖದ ನರಕ್ಕೆ ರಕ್ತ ಕೊಡುವ ಕಿರುನಾಳವೂ ಅದೇ ಹೊರಪೊರೆಯ ನಾಳದಿಂದ ಹೊರಡುತ್ತದೆ. ಅದು ಮುಚ್ಚಿದರೆ ಬಾಯಿ ಒಂದು ಕಡೆ ಸೊಟ್ಟಗಾಗಬಹುದು. ಕಣಗಳು ಸಣ್ಣವಾದಷ್ಟೂ ಗಡ್ಡೆಯ ಆಳಕ್ಕೆ ಹೋಗುತ್ತವೆ, ಕೆಲಸ ಚೆನ್ನಾಗಿ ಆಗುತ್ತದೆ. ಆದರೆ ಸಣ್ಣ ಕಣಗಳೇ ನರಗಳ ಕಿರುನಾಳಗಳಿಗೂ ನುಗ್ಗಬಲ್ಲವು. ಲಾಭವನ್ನು ಹೆಚ್ಚಿಸುವ ಗುಣವೇ ಅಪಾಯವನ್ನೂ ಹೆಚ್ಚಿಸುತ್ತದೆ. ರಕ್ತವಿಲ್ಲದೆ ಸತ್ತ ಗಡ್ಡೆ ಊದಿಕೊಂಡು ಮಿದುಳನ್ನು ಇನ್ನಷ್ಟು ಒತ್ತಬಹುದು. ರಕ್ತ ನಿಲ್ಲಿಸಲು ಹೊರಟ ಕೆಲಸದಿಂದಲೇ ಗಡ್ಡೆಯೊಳಗೆ ರಕ್ತಸ್ರಾವವಾಗಿ, ನಡುರಾತ್ರಿ ಆತುರದ ಶಸ್ತ್ರಚಿಕಿತ್ಸೆ ಬೇಕಾಗಬಹುದು. ನೆತ್ತಿಯ ನಾಳ ಮುಚ್ಚಿದರೆ ಹೊಲಿಗೆಯ ಗಾಯ ಮಾಯುವುದು ಕಷ್ಟವಾಗಬಹುದು. ಬಣ್ಣದ ದ್ರವ ಕೆಲವರಿಗೆ ಒಗ್ಗದು, ಮೂತ್ರಪಿಂಡ ದುರ್ಬಲವಾಗಿರುವವರಿಗೆ ಅದರಿಂದ ಹಾನಿಯಾಗಬಹುದು. ಇದು ನಮ್ಮ ಸಕ್ಕರೆ ಕಾಯಿಲೆಯ ಹಿರಿಯರು ನೆನಪಿಡಬೇಕಾದ ಮಾತು. ಮತ್ತೊಂದು ಸೂಕ್ಷ್ಮವೂ ಇದೆ. ಹೀಗೆ ಸತ್ತ ಗಡ್ಡೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅದು ಇರುವುದಕ್ಕಿಂತ ಕೆಟ್ಟ ಜಾತಿಯದೆಂಬಂತೆ ತೋರಬಹುದು. ಆದ್ದರಿಂದ ಪರೀಕ್ಷಿಸುವ ವೈದ್ಯರಿಗೆ ಮೊದಲೇ ರಕ್ತ ತಡೆಯಲಾಗಿತ್ತೆಂಬ ಮಾಹಿತಿ ಹೋಗಬೇಕು.

ಇವೆಲ್ಲ ಪ್ರತಿಯೊಬ್ಬರಿಗೂ ಆಗುವುದಿಲ್ಲ. ನೂರು ಜನರಲ್ಲಿ ತೊಂಬತ್ತೈದು ಜನ ಕ್ಷೇಮವಾಗಿ ಹೊರಬರುತ್ತಾರೆ. ಆದರೆ ಇದು ಪೂರ್ವಸಿದ್ಧತೆಯೆಂದು ಕರೆಸಿಕೊಳ್ಳುವ ಕೆಲಸವೆಂಬುದನ್ನು ಮರೆಯಬಾರದು. ಸಿದ್ಧತೆ ಎಂದೊಡನೆ ನಮ್ಮ ಮನಸ್ಸು ಸಡಿಲವಾಗುತ್ತದೆ. ದೊಡ್ಡ ಶಸ್ತ್ರಚಿಕಿತ್ಸೆಯ ಭಯದಲ್ಲಿ ಚಿಕ್ಕದರ ಕಡೆ ಗಮನ ಹೋಗುವುದಿಲ್ಲ. ನನ್ನ ವಿಷಯದಲ್ಲಿ ಆದದ್ದು ಇದೇ.

ಆ ದಿನ ಆಸ್ಪತ್ರೆಯ ಕೋಣೆಗೆ ಬಂದ ತರುಣ ವೈದ್ಯರು ಸಜ್ಜನರು. ಮೊದಲು ನರ್ಸ್ ಬಂದು, ದೂರವಾಣಿಯ ಮೂಲಕ ಕನ್ನಡದ ದುಭಾಷಿಯನ್ನು ಒದಗಿಸಬಹುದು, ಬೇಕೇ ಎಂದು ಕೇಳಿದರು. ನಾನು ಎದೆ ಸೆಟೆಸಿ, ಬೇಡ, ನಾನೇ ಇದ್ದೇನೆ ಎಂದೆ. ಕನ್ನಡ ಕೂಟದ ವೇದಿಕೆಯ ಮೇಲೆ ನಿಂತು ಮಾತೃಭಾಷೆಯನ್ನು ಎಲ್ಲೆಡೆಯೂ ಬಳಸಬೇಕೆಂದು ರಾಜ್ಯೋತ್ಸವದ ಭಾಷಣ ಮಾಡಿದವನು ನಾನು. ಅಮೆರಿಕದ ಆಸ್ಪತ್ರೆಯೊಂದು ತಾನಾಗಿ ಕನ್ನಡವನ್ನು ಕೊಡಲು ಬಂದಾಗ ಬೇಡವೆಂದವನೂ ನಾನೇ.

ವೈದ್ಯರು ಹತ್ತು ನಿಮಿಷ ಮಾತನಾಡಿದರು. ಏನನ್ನೂ ಮುಚ್ಚಿಡಲಿಲ್ಲ. ತೊಡೆಯಲ್ಲಿ ರಕ್ತ ಕಟ್ಟಬಹುದು, ಮೂತ್ರಪಿಂಡಕ್ಕೆ ಬಾಧೆಯಾಗಬಹುದು, ಪಾರ್ಶ್ವವಾಯು, ಮುಖದ ಬಲಹೀನತೆ, ದೃಷ್ಟಿನಾಶ, ಇವೆಲ್ಲ ಅಪರೂಪ, ಆದರೂ ಸಾಧ್ಯ ಎಂದರು. ಇಂಗ್ಲಿಷಿನಲ್ಲಿ ಆ ಮಾತುಗಳು ನುಣ್ಣಗೆ ನನ್ನ ಕಿವಿ ದಾಟಿ ಹೋದವು.

"ಏನಂತೆ ಕಣೋ?" ಎಂದಳು ಅಕ್ಕ.

"ತೊಡೆಹತ್ರ ಒಂದು ಸಣ್ಣ ತೂತು ಮಾಡ್ತಾರಕ್ಕ. ಒಂದು ಕೊಳವೆ ಬಿಟ್ಟು ಗಡ್ಡೆಗೆ ರಕ್ತ ಹೋಗೋದನ್ನ ನಿಲ್ಲಿಸ್ತಾರೆ. ಆಮೇಲೆ ಆಪರೇಷನ್ ಸಲೀಸು," ಎಂದೆ.

"ಅಷ್ಟೊತ್ತು ಮಾತಾಡಿದ್ರಲ್ಲ, ಅಷ್ಟೇಯಾ?"

"ಅಷ್ಟೇ."

"ಸರಿ ಬಿಡು. ನೀನು ನೋಡಿದ್ದೀಯಲ್ಲ," ಎಂದು ಆಕೆ ಸಹಿ ಹಾಕಿದಳು.

ನನಗೆ ಕನ್ನಡ ಪದ ಸಿಗದೆ ಹಾಗೆ ಮಾಡಲಿಲ್ಲ. ವೈದ್ಯಕೀಯ ಕನ್ನಡ ಕಷ್ಟವೆಂದು ಅನೇಕರು ಹೇಳುವುದುಂಟು. ನನ್ನ ಕಷ್ಟ ಅದರ ವಿರುದ್ಧದ್ದು. ದೃಷ್ಟಿನಾಶದ ಇಂಗ್ಲಿಷ್ ಮಾತು ಯಾರದೋ ಕಡತದ ಮಾತಿನಂತೆ ಕೇಳಿಸಿತ್ತು. ಅದನ್ನು ಅಕ್ಕನಿಗೆ ಹೇಳಬೇಕಾದರೆ "ಕಣ್ಣು ಹೋಗಬಹುದಕ್ಕ" ಎನ್ನಬೇಕಾಗಿತ್ತು. ಎರಡೇ ಪದ, ಹಳ್ಳಿಯ ಮಗುವಿಗೂ ತಿಳಿಯುವಂಥವು. ತೀರ ತಿಳಿಯಾಗಿದ್ದುದರಿಂದಲೇ ಅವು ನನ್ನ ಬಾಯಿಂದ ಹೊರಡಲಿಲ್ಲ. ಇಂಗ್ಲಿಷಿನಲ್ಲಿ ನಾನು ಕೇಳಿದ್ದು ಮಾಹಿತಿ. ಕನ್ನಡದಲ್ಲಿ ಅದು ನನ್ನ ಅಕ್ಕನ ಕಣ್ಣಾಗುತ್ತಿತ್ತು.

ಮರುದಿನ ಎಂಬಲೈಸೇಷನ್ ಆಯಿತು. ಅರಿವಳಿಕೆ ಇಳಿದು ಎಚ್ಚರಾದಾಗ ಅಕ್ಕ ಕೈಯೆತ್ತಿ ಬಲಗಣ್ಣನ್ನು ಮುಟ್ಟಿ ನೋಡಿಕೊಂಡಳು. "ಈ ಕಣ್ಣಿಗೆ ಬಟ್ಟೆ ಕಟ್ಟವ್ರೇನೋ?" ಎಂದಳು. ಬಟ್ಟೆ ಇರಲಿಲ್ಲ. ವೈದ್ಯರು ಧಾವಿಸಿ ಬಂದರು, ತಮ್ಮಿಂದಾದುದನ್ನೆಲ್ಲ ಮಾಡಿದರು. ಆದರೆ ಅಕ್ಷಿಪಟಲ ರಕ್ತವಿಲ್ಲದೆ ಕೆಲವು ಗಂಟೆಗಳಿಗಿಂತ ಹೆಚ್ಚು ಕಾಲ ಬದುಕದು. ಆ ಕಣ್ಣಿಗೆ ಬೆಳಕು ಮರಳಲಿಲ್ಲ. ಮೂರನೆಯ ದಿನ ಗಡ್ಡೆಯನ್ನು ತೆಗೆದರು. ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತು, ಹೊರಗಿನ ರಕ್ತ ಒಂದು ಬಾಟಲಿಯೂ ಬೇಕಾಗಲಿಲ್ಲ ಎಂದು ಶಸ್ತ್ರವೈದ್ಯರು ಹೇಳಿದರು. ಅದು ನಿಜ. ಎಡಗೈಗೆ ಶಕ್ತಿ ಮರಳಿತು. ಗಡ್ಡೆ ಮತ್ತೆ ಬೆಳೆದಿಲ್ಲ. ಮುಂಚಿನ ಕೆಲಸ ಇಲ್ಲದಿದ್ದರೆ ಎಷ್ಟು ರಕ್ತ ಹೋಗುತ್ತಿತ್ತೋ, ಬೇರೆ ಯಾವ ಅನಾಹುತವಾಗುತ್ತಿತ್ತೋ ಯಾರೂ ಹೇಳಲಾರರು. ಆದ್ದರಿಂದ ವೈದ್ಯರನ್ನು ನಾನು ದೂಷಿಸುವುದಿಲ್ಲ. ಅವರು ಹೇಳಬೇಕಾದುದನ್ನು ಹೇಳಿದ್ದರು. ಹೇಳದೆ ಉಳಿದವನು ನಾನು.

ಒಂದು ವರ್ಷದ ಮೇಲೆ, ಮಲ್ಲಿಗೆ ದಾರಕ್ಕೆ ಸೂಜಿ ಪೋಣಿಸಿಕೊಡೆಂದು ಅಕ್ಕ ಕರೆದಾಗ, ನಡೆದುದನ್ನು ಹೇಳಿಬಿಟ್ಟೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ನೀನು ಹೇಳಿದ್ರೂ ನಾನು ಹೂಂ ಅಂತಿದ್ದೆ ಕಣೋ. ಆದ್ರೆ ಹೇಳ್ಬೇಕಾಗಿತ್ತು," ಎಂದಳು. ಅಷ್ಟೇ ಮಾತು. ಬೈದಿದ್ದರೆ ಹಗುರವಾಗುತ್ತಿತ್ತು.

ಹಿರಿಯರನ್ನು ಹೆದರಿಸಬಾರದು, ಧೈರ್ಯ ತುಂಬುವುದೇ ಮಕ್ಕಳ ಧರ್ಮ ಎಂದು ನಮ್ಮಲ್ಲಿ ಅನೇಕರು ವಾದಿಸುತ್ತಾರೆ. ಆ ಮಾತಿನಲ್ಲಿ ಪ್ರೀತಿ ಇದೆ, ಒಪ್ಪುತ್ತೇನೆ. ಆದರೆ ಹೊಲ ಮಾರುವಾಗ, ಮಗಳ ಮದುವೆ ಗೊತ್ತುಮಾಡುವಾಗ, ಗಂಡನ ಚಿತೆಗೆ ಬೆಂಕಿಯಿಡಿಸುವಾಗ ತಾವೇ ನಿಂತು ನಡೆಸಿದ ಈ ಹೆಂಗಸರಿಗೆ, ತಮ್ಮ ಕಣ್ಣಿನ ಬಗೆಗಿನ ಒಂದು ವಾಕ್ಯವನ್ನು ಕೇಳುವ ಧೈರ್ಯವಿಲ್ಲವೆಂದು ನಿರ್ಧರಿಸಲು ನಾವು ಯಾರು? ನಿಜವಾಗಿ ಧೈರ್ಯವಿಲ್ಲದಿದ್ದುದು ಹೇಳಬೇಕಾಗಿದ್ದವನಿಗೆ. ಯಾರಾದರೂ ಹಿರಿಯರು, "ನನಗೇನೂ ಹೇಳಬೇಡಿ, ಮಗನಿಗೆ ಹೇಳಿ" ಎಂದರೆ ಅದು ಬೇರೆ ಮಾತು. ಆ ಆಯ್ಕೆ ಅವರದು. ನನ್ನ ಅಕ್ಕ ಹಾಗೆ ಹೇಳಿರಲಿಲ್ಲ. "ಅಷ್ಟೇಯಾ?" ಎಂದು ಕೇಳಿದ್ದಳು.

ಇಂಥ ಸಂದರ್ಭ ಯಾರಿಗೂ ಬಾರದಿರಲಿ. ಬಂದರೆ ಕೆಲವು ಪ್ರಶ್ನೆಗಳನ್ನು ಮರೆಯದೆ ಕೇಳಬೇಕೆಂದು ವಿನಂತಿಸುತ್ತೇನೆ. ಮೊದಲನೆಯದು, ಈ ಮುಂಚಿನ ಕೆಲಸವಿಲ್ಲದೆ ಶಸ್ತ್ರಚಿಕಿತ್ಸೆ ಸಾಧ್ಯವೇ, ಇಲ್ಲದಿದ್ದರೆ ಏನು ಹೆಚ್ಚಿನ ತೊಂದರೆ? ಎರಡನೆಯದು, ಗಡ್ಡೆಯ ರಕ್ತನಾಳ ಶಸ್ತ್ರವೈದ್ಯರ ಕೈಗೆ ಬೇಗ ಎಟುಕುವ ಜಾಗದಲ್ಲಿದೆಯೇ, ಅಡಿಯಲ್ಲಿದೆಯೇ? ಮೂರನೆಯದು, ನಾಳಗಳ ಚಿತ್ರ ನೋಡಿದ ಮೇಲೆ ಕಣ್ಣಿನ ಅಥವಾ ಮಿದುಳಿನ ನಾಳಕ್ಕೆ ಸಂಪರ್ಕ ಕಂಡರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸುತ್ತಾರೆಯೇ? ನಿಲ್ಲಿಸುವುದು ಸೋಲಲ್ಲ, ಅದೂ ನೀರುಗಂಟಿಯ ಜಾಣತನ. ನಾಲ್ಕನೆಯದು, ಇದನ್ನು ಮಾಡುವವರು ಇಂಥವನ್ನು ಎಷ್ಟು ಮಾಡಿದ್ದಾರೆ, ಅವರ ಕೈಯಲ್ಲಿ ತೊಂದರೆಯಾದದ್ದು ಎಷ್ಟು? ಐದನೆಯದು, ಇದಕ್ಕೂ ಶಸ್ತ್ರಚಿಕಿತ್ಸೆಗೂ ನಡುವೆ ಎಷ್ಟು ದಿನ, ಆ ದಿನಗಳಲ್ಲಿ ಗಡ್ಡೆ ಊದಿದರೆ ಅಥವಾ ರಕ್ತ ಸುರಿದರೆ ನೋಡಿಕೊಳ್ಳುವವರು ಯಾರು? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಅನೇಕ ವೇಳೆ ಅವರ ಉತ್ತರ ಕೇಳಿ ಎಂಬಲೈಸೇಷನ್ ಮಾಡಿಸುವುದೇ ಸರಿಯೆಂದು ತೋರುತ್ತದೆ. ಆಗ ಮಾಡಿಸಿ. ಆದರೆ ತಿಳಿದು ಮಾಡಿಸಿ.

ಇನ್ನು, ದುಭಾಷಿ ಬೇಕೇ ಎಂದು ಕೇಳಿದಾಗ ಬೇಕು ಎನ್ನಿ. ಫೆಡರಲ್ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಇಂಗ್ಲಿಷ್ ಬಾರದ ರೋಗಿಗೆ ಭಾಷಾ ಸಹಾಯ ನೀಡಬೇಕೆಂಬುದಕ್ಕೆ 1964ರ ನಾಗರಿಕ ಹಕ್ಕುಗಳ ಕಾನೂನು ಮತ್ತು 2010ರ ಆರೋಗ್ಯ ಕಾನೂನು ಆಧಾರವಾಗಿವೆ. ಅದಕ್ಕೆ ರೋಗಿ ಹಣ ಕೊಡಬೇಕಾಗಿಲ್ಲ. ಮಗನೋ ಮಗಳೋ ತಮ್ಮನೋ ಪಕ್ಕದಲ್ಲಿ ಕೈ ಹಿಡಿದು ಕುಳಿತಿರಲಿ. ಅದು ನಮ್ಮ ಕೆಲಸ. ಕಹಿ ವಾಕ್ಯವನ್ನು ಹೇಳುವ ಕೆಲಸ, ಅದನ್ನು ನುಂಗಲು ಕಾರಣವಿಲ್ಲದ ಅಪರಿಚಿತ ಧ್ವನಿಗೆ ಇರಲಿ.

ಸಮ್ಮೇಳನಕ್ಕೂ ಒಂದು ಸೂಚನೆ. ನಮ್ಮ ನಡುವೆ ನೂರಾರು ಕನ್ನಡಿಗ ವೈದ್ಯರಿದ್ದಾರೆ. ಸಮ್ಮೇಳನದಲ್ಲಿ ವೈದ್ಯರ ಗೋಷ್ಠಿ ನಡೆಯುತ್ತದೆ, ಸಾಹಿತಿಗಳ ಗೋಷ್ಠಿಯೂ ನಡೆಯುತ್ತದೆ. ಒಂದು ಬೆಳಗ್ಗೆ ಈ ಎರಡೂ ಒಂದೇ ಕೋಣೆಯಲ್ಲಿ ಕುಳಿತು, ಹೃದಯ, ಮಿದುಳು, ಕ್ಯಾನ್ಸರ್ ಮುಂತಾದ ಹತ್ತು ಸಾಮಾನ್ಯ ಚಿಕಿತ್ಸೆಗಳ ಲಾಭ ಮತ್ತು ಅಪಾಯಗಳನ್ನು ನನ್ನ ಅಕ್ಕನಿಗೆ ತಿಳಿಯುವ ಕನ್ನಡದಲ್ಲಿ ಬರೆದು ಒಂದು ಕಿರುಹೊತ್ತಗೆ ಮಾಡಿದರೆ, ಮುಂದಿನ ಸಮ್ಮೇಳನದ ಹೊತ್ತಿಗೆ ಪ್ರತಿ ಕನ್ನಡ ಕೂಟದ ಕೈಯಲ್ಲಿ ಅದು ಇರಬಹುದು. ಹೊಸ ಪದಗಳನ್ನು ಟಂಕಿಸುವ ಅಗತ್ಯವಿಲ್ಲ. ಇರುವ ಪದಗಳನ್ನು ಹೇಳುವ ಮನಸ್ಸಿದ್ದರೆ ಸಾಕು.

ಅಕ್ಕನಿಗೆ ಈಗ ಎಂಬತ್ತು ದಾಟಿದೆ. ಒಂದೇ ಕಣ್ಣಿನಲ್ಲಿ ಹೂ ಕಟ್ಟುತ್ತಾಳೆ. ಈ ಲೇಖನವನ್ನು ಅಚ್ಚಿಗೆ ಕಳಿಸುವ ಮುನ್ನ ಆಕೆಗೆ ಓದಿ ಹೇಳಿದೆ, ಈ ಬಾರಿ ಒಂದು ವಾಕ್ಯವನ್ನೂ ಬಿಡದೆ. ಎಲ್ಲ ಕೇಳಿ, "ಹಾಕ್ಸು. ಯಾರಾದ್ರೂ ಓದ್ಕೊಳ್ಲಿ," ಎಂದಳು. ಆಕೆಯ ಅಪ್ಪಣೆಯಂತೆ ಇದನ್ನು ನಿಮ್ಮ ಮುಂದೆ ಇಟ್ಟಿದ್ದೇನೆ.